ಸಂತೆಯ ಲೆಕ್ಕ, ಶಾಲೆಯ ಲೆಕ್ಕ

(ಪಕ್ಷದ ತಾಲ್ಲೂಕು ಕಾರ್ಯಕರ್ತರ ಶಿಬಿರದಲ್ಲಿ ಮಾಡಿದ ಭಾಷಣ)



ಭೂಮಿಯ ಪ್ರಶ್ನೆ, ಕೂಲಿಯ ಪ್ರಶ್ನೆಗಳಿಗಾಗಿ ಕೂಡಿದ ಈ ಶಿಬಿರದಲ್ಲಿ ಮಕ್ಕಳ ಲೆಕ್ಕದ ಮಾತೇಕೆ ಎಂದು ತಮ್ಮಲ್ಲಿ ಕೆಲವರು ಕೇಳಬಹುದು. ನಾವೇನೂ ದೊಡ್ಡ ಓದು ಓದಿದವರಲ್ಲ. ಪಕ್ಷದ ಕೆಲಸಕ್ಕೆ ಬರುವ ಮುಂಚೆ ಕೆಲವು ವರ್ಷ ಮಾಸ್ತರಿಕೆ ಮಾಡಿದವರು. ಆಗ ನಾವು ಮಾಡಿದ ಒಂದು ತಪ್ಪನ್ನು ತಮ್ಮೆದುರು ಒಪ್ಪಿಕೊಂಡೇ ಮಾತು ಆರಂಭಿಸುತ್ತೇವೆ.

ನಮ್ಮ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಒಂದು ಶುಕ್ರವಾರ ಅವನನ್ನು ಹಲಗೆಯ ಬಳಿ ಕರೆದು 500ರಲ್ಲಿ 135 ಕಳೆಯಲು ಹೇಳಿದೆವು. 435 ಎಂದು ಬರೆದ. ದಡ್ಡನೆಂದು ಬೈದು ಬೆಂಚಿನ ಮೇಲೆ ನಿಲ್ಲಿಸಿದೆವು. ಭಾನುವಾರ ಸಂತೆಗೆ ಹೋದರೆ, ಅದೇ ಹುಡುಗ ತಾಯಿಯ ಪಕ್ಕದಲ್ಲಿ ತರಕಾರಿ ಮಾರುತ್ತಿದ್ದಾನೆ. ಕಿಲೋಗೆ 30 ರೂಪಾಯಿಯಂತೆ ಎರಡೂವರೆ ಕಿಲೋ ಈರುಳ್ಳಿ, 40ರಂತೆ ಒಂದೂವರೆ ಕಿಲೋ ಟೊಮೆಟೊ ಕೊಂಡೆವು. ತಕ್ಕಡಿ ಇಳಿಸುವುದರೊಳಗೆ "135 ಆಯ್ತು ಸಾರ್" ಎಂದ. 500ರ ನೋಟು ಕೊಟ್ಟೆವು. 5 ಕೊಟ್ಟು 140 ಎಂದ, 60 ಕೊಟ್ಟು 200 ಎಂದ, ಮೂರು ನೂರರ ನೋಟು ಇಟ್ಟು 500 ಎಂದ. ಒಂದು ಪೈಸೆಯೂ ತಪ್ಪಲಿಲ್ಲ. ಅದು ಶುಕ್ರವಾರದ ಲೆಕ್ಕವೇ! ಚಿಲ್ಲರೆ ಹಿಡಿದು ನಿಂತ ನಮಗೆ ನಾಚಿಕೆಯಾಯಿತು. ದಡ್ಡರು ಯಾರೆಂಬುದು ಅಂದು ತಿಳಿಯಿತು.

ಇದು ನಮ್ಮೂರೊಂದರ ಮಾತಲ್ಲ. ದಕ್ಷಿಣ ಅಮೆರಿಕದ ಬ್ರೆಜಿಲ್ ದೇಶದಲ್ಲಿ ರೆಸೀಫೆ ಎಂಬ ನಗರವಿದೆ. ಅಲ್ಲಿ ತೆರೆಝಿನ್ಯಾ ಕರಾಹರ್, ಡೇವಿಡ್ ಕರಾಹರ್, ಅನಾಲೂಸಿಯಾ ಶ್ಲೀಮನ್ ಎಂಬ ಮೂವರು ಸಂಶೋಧಕರು ಬೀದಿಯಲ್ಲಿ ವ್ಯಾಪಾರ ಮಾಡುವ ಬಡ ಮಕ್ಕಳನ್ನು ಪರೀಕ್ಷಿಸಿ, 1985ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೊದಲು ಗಿರಾಕಿಗಳಾಗಿ ಹೋಗಿ ಬೆಲೆ ಕೇಳಿದರು. ನೂರಕ್ಕೆ 98 ಉತ್ತರ ಸರಿ ಬಂದವು. ಆಮೇಲೆ ಅಂಥದೇ ಲೆಕ್ಕಗಳನ್ನು ಪರೀಕ್ಷೆಯ ರೀತಿಯಲ್ಲಿ ಕೊಟ್ಟರು. ಕಥೆಯಾಗಿ ಹೇಳಿದಾಗ ನೂರಕ್ಕೆ 74ರಷ್ಟು ಸರಿ. ಬರಿಯ ಅಂಕಿಗಳಾಗಿ ಕೊಟ್ಟಾಗ 37 ಮಾತ್ರ.

ಒಬ್ಬ ಹುಡುಗ ಕಾಯಿಗೆ 35 ಕ್ರುಝೇರೊದಂತೆ ತೆಂಗಿನಕಾಯಿ ಮಾರುತ್ತಿದ್ದ. ನಾಲ್ಕು ಕಾಯಿಗೆ ಎಷ್ಟೆಂದು ಕೇಳಿದಾಗ, ಮೂರಕ್ಕೆ 105, ಅದಕ್ಕೆ 30 ಸೇರಿ 135, ಇನ್ನೈದು ಸೇರಿ 140 ಎಂದು ಬಾಯಲ್ಲೇ ಹೇಳಿದ. ಅದೇ 35ನ್ನು 4ರಿಂದ ಕಾಗದದ ಮೇಲೆ ಗುಣಿಸುವಾಗ, ನಾಲ್ಕೈದಲೆ ಇಪ್ಪತ್ತು ಎಂದು ಸೊನ್ನೆ ಬರೆದು ಕೈಯಲ್ಲಿ 2 ಇಟ್ಟುಕೊಂಡ. ಗುಣಿಸಿದ ಮೇಲೆ ಕೂಡಬೇಕಾದ ಆ 2ನ್ನು ಮೊದಲೇ 3ಕ್ಕೆ ಕೂಡಿ, ಐದು ಮಾಡಿ, ನಾಲ್ಕರಿಂದ ಗುಣಿಸಿದ. ಉತ್ತರ 200! ಬೀದಿಯಲ್ಲಿ ನಾಲ್ಕು ಕಾಯಿಗೆ 200 ಎಂದು ಅವನು ಕನಸಿನಲ್ಲಿಯೂ ಹೇಳುತ್ತಿರಲಿಲ್ಲ. ಅಲ್ಲಿ ಅಂಕಿಯ ಹಿಂದೆ ಕಾಯಿಯಿತ್ತು, ಹಣವಿತ್ತು. ಕಾಗದದ ಮೇಲೆ ನೆನಪಿಟ್ಟ ವಿಧಿಯೊಂದೇ ಇತ್ತು. ಅದು ಜಾರಿದರೆ ಹಿಡಿಯಲು ಬೇರೆ ಆಸರೆಯಿಲ್ಲ.

ಅಲ್ಲಿ ಪರೀಕ್ಷಿಸಿದ್ದು ಐದೇ ಮಕ್ಕಳನ್ನು. ಐವರಿಂದ ಊರನ್ನೆಲ್ಲ ಅಳೆಯಬಹುದೇ ಎಂದು ಯಾರಾದರೂ ಆಕ್ಷೇಪಿಸಬಹುದು. ಆಕ್ಷೇಪಣೆ ನ್ಯಾಯವಾದದ್ದೇ. ಅದಕ್ಕೆ ಉತ್ತರ ನಮ್ಮ ದೇಶದಿಂದಲೇ ಬಂದಿದೆ. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮೊದಲಾದವರು ಕೋಲ್ಕತಾ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ 1,436 ಮಕ್ಕಳನ್ನು, ವ್ಯಾಪಾರವರಿಯದ 471 ಶಾಲಾಮಕ್ಕಳನ್ನು ಪರೀಕ್ಷಿಸಿ, 2025ರಲ್ಲಿ 'ನೇಚರ್' ಪತ್ರಿಕೆಯಲ್ಲಿ ವರದಿ ಮಾಡಿದರು. ದುಡಿಯುವ ಮಕ್ಕಳು ವ್ಯಾಪಾರದ ತೊಡಕಿನ ಲೆಕ್ಕವನ್ನು ಬಿಡಿಸಿದರು. ಅಷ್ಟೇ ಕಷ್ಟದ, ಅದಕ್ಕಿಂತ ಸುಲಭದ ಶಾಲೆಯ ಲೆಕ್ಕದಲ್ಲಿ ಸೋತರು. ಶಾಲೆಯ ಮಕ್ಕಳದು ತದ್ವಿರುದ್ಧ. ಬರಿಯ ಅಂಕಿಗಳ ಸುಲಭ ಲೆಕ್ಕವನ್ನು ಅವರು ಮಾಡಿದರು. ಆದರೆ ದುಡಿಯುವ ಮಕ್ಕಳಲ್ಲಿ ಮೂರರಲ್ಲೊಂದು ಪಾಲಿಗೂ ಹೆಚ್ಚು ಮಂದಿ ಬಿಡಿಸಿದ ಒಂದು ವ್ಯಾಪಾರದ ಲೆಕ್ಕವನ್ನು ಅವರಲ್ಲಿ ಬಿಡಿಸಿದವರು ನೂರಕ್ಕೆ ಒಬ್ಬರು ಮಾತ್ರ.

ಇದರ ಅರ್ಥವೇನು? ಮೋಸ ಇಬ್ಬರಿಗೂ ಆಗಿದೆ. ಒಬ್ಬನಿಗೆ ಬುದ್ಧಿಯಿದ್ದೂ ದಡ್ಡನೆಂಬ ಹಣೆಪಟ್ಟಿ. ಇನ್ನೊಬ್ಬನಿಗೆ ಅಂಕವಿದ್ದೂ ಬದುಕಿಗೆ ಒದಗದ ವಿದ್ಯೆ. ಕೈಯ ಕೆಲಸ ಬೇರೆ, ತಲೆಯ ಕೆಲಸ ಬೇರೆ ಎಂದು ಸಮಾಜವನ್ನು ಸೀಳಿದ ಗೋಡೆಯೇ ಶಾಲೆಯೊಳಗೂ ಎದ್ದು ನಿಂತಿದೆ.

ಹಾಗೆಂದು ಸಂತೆಯೇ ಶಾಲೆ, ಮಕ್ಕಳು ದುಡಿಯಲಿ ಎಂದು ಯಾರಾದರೂ ಹೇಳಿದರೆ ಅವರನ್ನು ನಾವು ವಿರೋಧಿಸತಕ್ಕದ್ದು. 6ರಿಂದ 14 ವರ್ಷದ ಮಕ್ಕಳಿಗೆ ಉಚಿತ, ಕಡ್ಡಾಯ ಶಿಕ್ಷಣ 2009ರ ಕಾಯಿದೆ ಕೊಟ್ಟ ಹಕ್ಕು. ಮಿಗಿಲಾಗಿ, ಸಂತೆಯ ಲೆಕ್ಕ ಒಂದು ಗಡಿಯವರೆಗೆ ಮಾತ್ರ ನಡೆಯುತ್ತದೆ. ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿ ಎಂದರೆ ವರ್ಷಕ್ಕೆ 36 ಎಂದು ಬಾಯಿಲೆಕ್ಕ ಹೇಳುತ್ತದೆ. ತಿಂಗಳು ತಿಂಗಳೂ ಬಡ್ಡಿಗೆ ಬಡ್ಡಿ ಸೇರಿದರೆ ಅದು 42 ಮೀರುವುದನ್ನು ತೋರಿಸಲು ಕಾಗದದ ಗಣಿತ ಬೇಕು. ಒಂಬತ್ತು ಕೂಲಿಕಾರರಿಗೆ ದಿನಕ್ಕೆ 300 ರೂಪಾಯಿ, ಗುತ್ತಿಗೆದಾರನೊಬ್ಬನಿಗೆ 7,300 ಎಂದಿಟ್ಟುಕೊಳ್ಳಿ. ಹತ್ತು ಜನರ ಸರಾಸರಿ ವರಮಾನ 1,000 ರೂಪಾಯಿ! ಆ ಸಾವಿರ ಯಾರ ಕೈಗೆ ಬಂತು? ಸಂಖ್ಯಾಶಾಸ್ತ್ರ ಅರಿಯದವನು ಇಂಥ ಸರಾಸರಿಗೆ ತಲೆದೂಗಿ ಮನೆಗೆ ಹೋಗುತ್ತಾನೆ. ಅರಿತವನು ಎದ್ದು ನಿಂತು ಪ್ರಶ್ನೆ ಕೇಳುತ್ತಾನೆ. ಆದುದರಿಂದ ಗಣಿತ ಬಡವರ ಮಕ್ಕಳಿಗೆ ಅಲಂಕಾರವಲ್ಲ, ಆಯುಧ.

ಹಾಗಾದರೆ ಆಗಬೇಕಾದುದೇನು? ಮಗು ತಪ್ಪು ಬರೆದರೆ ಬೆಂಚಿನ ಮೇಲೆ ನಿಲ್ಲಿಸದೆ, ಹೇಗೆ ಮಾಡಿದೆ ಎಂದು ಮೊದಲು ಕೇಳಬೇಕು. ಅದರ ಬಾಯಿಲೆಕ್ಕವನ್ನು ಹಲಗೆಯ ಮೇಲೆ ಬರೆದು, ಅಲ್ಲಿಂದ ಪುಸ್ತಕದ ವಿಧಿಗೆ ಹಾದಿ ಹಾಕಬೇಕು. ಓದಿನಲ್ಲಿ ಮುಂದಿರುವ ಮಗುವಿಗೂ ತಕ್ಕಡಿ, ಅಳತೆಪಟ್ಟಿ, ಚಿಲ್ಲರೆಯ ಲೆಕ್ಕ ಕಲಿಸಬೇಕು. ಇದು ಮೂರ್ನಾಲ್ಕು ತರಗತಿಗಳನ್ನು ಒಂದೇ ಕೋಣೆಯಲ್ಲಿ ನೋಡಿಕೊಳ್ಳುವ ಒಬ್ಬ ಶಿಕ್ಷಕನಿಂದ ಆಗುವ ಕೆಲಸವಲ್ಲ. ಖಾಲಿ ಹುದ್ದೆ ತುಂಬಿರೆಂದು ಕೇಳುವುದೂ ಗಣಿತದ ಪ್ರಶ್ನೆಯೇ. ತಂದೆತಾಯಿಗಳಿಗೆ ಹೊಟ್ಟೆ ತುಂಬುವಷ್ಟು ಕೂಲಿ ಸಿಕ್ಕರೆ ಮಗು ಅಂಗಡಿ ಬಿಟ್ಟು ಶಾಲೆಗೆ ಬಂದೀತು. ಅದೂ ಗಣಿತದ ಪ್ರಶ್ನೆಯೇ.

ತಮ್ಮ ತಮ್ಮ ಊರಿಗೆ ಮರಳಿದ ಮೇಲೆ ಶಾಲೆಯ ಮೇಲುಸ್ತುವಾರಿ ಸಮಿತಿಯ ಸಭೆಗೆ ಹೋಗಿ ಕುಳಿತುಕೊಳ್ಳಿ. ಯಾವ ಮಗುವನ್ನು ದಡ್ಡನೆಂದು ಹಿಂದೆ ಕೂರಿಸಿದ್ದಾರೆ, ಏಕೆ ಎಂದು ಕೇಳಿ. ನಾವು ಆ ಹುಡುಗನಿಗೆ ಕ್ಷಮೆ ಕೇಳುವ ಹೊತ್ತಿಗೆ ಅವನು ಶಾಲೆ ಬಿಟ್ಟಾಗಿತ್ತು. ತಮ್ಮೂರಿನ ಹುಡುಗ ಇನ್ನೂ ಶಾಲೆಯಲ್ಲಿರಬಹುದು. ತಡಮಾಡಬೇಡಿ.