ಚಿಟ್ಟೆಯ ರೆಕ್ಕೆಯನ್ನೂ ಓದೋಣ

(ಕಲಿಕಾ ಕೇಂದ್ರದಲ್ಲಿ ಮಾಡಿದ ಭಾಷಣ)



ನೀವು ಅಕ್ಷರ ಕಲಿಯಲು ಶುರು ಮಾಡಿದಾಗ ದ, ಧ, ಥ ಮೂರೂ ಒಂದೇ ಥರ ಕಾಣುತ್ತಿದ್ದವು, ಅಲ್ವಾ? ಆಮೇಲೆ ಗುಟ್ಟು ತಿಳಿಯಿತು. ‘ದ’ ಅಕ್ಷರಕ್ಕೆ ಕೆಳಗೆ ಸೀಳಿಲ್ಲ. ‘ಧ’ ಅಕ್ಷರಕ್ಕೆ ಸೀಳಿದೆ. ‘ಥ’ ಅಕ್ಷರಕ್ಕೆ ಸೀಳೂ ಇದೆ, ಹೊಟ್ಟೆಯಲ್ಲಿ ಚುಕ್ಕೆಯೂ ಇದೆ. ಒಂದು ಚುಕ್ಕೆ ಬಿಟ್ಟುಹೋದರೆ ಅಕ್ಷರವೇ ಬೇರೆ ಆಗುತ್ತದೆ. ಚಿಟ್ಟೆಯ ರೆಕ್ಕೆಯೂ ಹಾಗೇ. ಅದನ್ನೂ ಓದಬಹುದು.

ನಮ್ಮ ನೀಲಗಿರಿಯಲ್ಲಿ ಸುಮಾರು 300 ಬಗೆಯ ಚಿಟ್ಟೆಗಳಿವೆ. ಕೆಲವನ್ನು ಗುರುತಿಸುವುದು ಸುಲಭ. ಕೆಲವು ನಮ್ಮನ್ನು ಏಮಾರಿಸುತ್ತವೆ. ಏಮಾರಿಸುವ ಕೆಲವನ್ನು ಈ ದಿನ ನೋಡೋಣ.

ಹುಲಿ ಮತ್ತು ವೇಷದ ಹುಲಿ

ಎಕ್ಕದ ಗಿಡದ ಸುತ್ತ ಕಿತ್ತಳೆ ಬಣ್ಣದ ಚಿಟ್ಟೆ ಸುಳಿದಾಡುವುದನ್ನು ನೋಡಿರುತ್ತೀರಿ. ಮುಂದಿನ ರೆಕ್ಕೆಯ ತುದಿ ಕಪ್ಪು. ಆ ಕಪ್ಪಿನೊಳಗೆ ಬಿಳಿ ಪಟ್ಟಿ. ಅದರ ಹೆಸರು ಪ್ಲೇನ್ ಟೈಗರ್. ಟೈಗರ್ ಅಂದರೆ ಹುಲಿ. ಇದರ ಮರಿಹುಳ ಎಕ್ಕದ ಎಲೆ ತಿಂದು ಬೆಳೆಯುತ್ತದೆ. ಗಿಡದ ವಿಷ ಮೈಗೆ ಸೇರುವುದರಿಂದ ಹಕ್ಕಿಗೆ ಇದು ರುಚಿಸುವುದಿಲ್ಲ. ಒಮ್ಮೆ ತಿಂದು ಕೆಟ್ಟ ಹಕ್ಕಿ ಮತ್ತೆ ಹತ್ತಿರ ಬರುವುದಿಲ್ಲ.

ಡನಾಯ್ಡ್ ಎಗ್‌ಫ್ಲೈ ಅಂತ ಇನ್ನೊಂದು ಚಿಟ್ಟೆ ಇದೆ. ಇದರ ಮರಿಹುಳ ಗೋಣಿಸೊಪ್ಪು ತಿನ್ನುತ್ತದೆ. ಇದಕ್ಕೆ ಆ ವಿಷವಿಲ್ಲ. ಆದರೆ ಹೆಣ್ಣುಚಿಟ್ಟೆ ಪ್ಲೇನ್ ಟೈಗರಿನ ವೇಷ ಹಾಕಿಕೊಂಡಿರುತ್ತದೆ! ಹಕ್ಕಿ ಮೋಸಹೋಗಿ ಬಿಟ್ಟುಬಿಡುತ್ತದೆ. ಗಂಡಿಗೆ ಈ ವೇಷವಿಲ್ಲ. ಗಂಡು ಕಪ್ಪಗಿದ್ದು, ರೆಕ್ಕೆಗಳಲ್ಲಿ ದೊಡ್ಡ ಬಿಳಿ ಚುಕ್ಕೆಗಳಿರುತ್ತವೆ.

ನಾವು ಮೋಸಹೋಗದಿರಲು ಏನು ಮಾಡಬೇಕು? ಹಿಂದಿನ ರೆಕ್ಕೆಯನ್ನು ನೋಡಬೇಕು. ಪ್ಲೇನ್ ಟೈಗರಿಗೆ ಹಿಂದಿನ ರೆಕ್ಕೆಯ ನಡುವೆ ಕಪ್ಪು ಚುಕ್ಕೆಗಳಿವೆ. ಹೆಣ್ಣಿಗೆ ಮೂರು, ಗಂಡಿಗೆ ನಾಲ್ಕು. ವೇಷದ ಚಿಟ್ಟೆಗೆ ನಡುವೆ ಚುಕ್ಕೆ ಇಲ್ಲ. ರೆಕ್ಕೆಯ ಮುಂದಿನ ಅಂಚಿನ ಹತ್ತಿರ ಒಂದೇ ಒಂದು ಚುಕ್ಕೆ. ಅಷ್ಟೇ ವ್ಯತ್ಯಾಸ. ನಾನೂ ಮೊದಲು ಎಷ್ಟೋ ಸಲ ಇದನ್ನು ತಪ್ಪಾಗಿ ಬರೆದುಕೊಂಡಿದ್ದೆ.

ಕರಿಬೇವಿನ ಚಿಟ್ಟೆ

ಕರಿಬೇವು, ನಿಂಬೆ ಗಿಡದ ಎಲೆ ಮೇಲೆ ಹಕ್ಕಿ ಹಿಕ್ಕೆಯಂಥ ಹುಳ ಇರುತ್ತದೆ. ದೊಡ್ಡದಾದರೆ ಹಸಿರಾಗುತ್ತದೆ. ಇದು ಬೆಳೆದು ಕಾಮನ್ ಮಾರ್ಮನ್ ಎಂಬ ಕಪ್ಪು ಚಿಟ್ಟೆ ಆಗುತ್ತದೆ. ಇದರ ಹೆಣ್ಣಿಗೆ ಮೂರು ರೂಪ. ಒಂದು ಗಂಡಿನ ಹಾಗೇ ಇರುತ್ತದೆ. ಇನ್ನೊಂದು ಕಾಮನ್ ರೋಸ್ ಚಿಟ್ಟೆಯ ಹಾಗೆ. ಮತ್ತೊಂದು ಕ್ರಿಮ್ಸನ್ ರೋಸ್ ಚಿಟ್ಟೆಯ ಹಾಗೆ. ಈ ಎರಡು ರೋಸ್ ಚಿಟ್ಟೆಗಳು ಈಶ್ವರಿ ಬಳ್ಳಿ ತಿಂದು ಬೆಳೆಯುತ್ತವೆ. ಅವಕ್ಕೂ ವಿಷ ಇದೆ.

ಇಲ್ಲಿ ರೆಕ್ಕೆಯೊಂದೇ ನೋಡಿದರೆ ಸಾಲದು. ಬಿಳಿ ಮಚ್ಚೆ, ಕೆಂಪು ಮಚ್ಚೆ ಎಲ್ಲ ಒಂದೇ ಥರ. ಮೈ ನೋಡಿ. ರೋಸ್ ಚಿಟ್ಟೆಗಳ ಮೈಯಲ್ಲಿ ಕೆಂಪು ಇದೆ. ಮಾರ್ಮನ್ ಮೈ ಕಪ್ಪು. ಸೀರೆ ಒಂದೇ ಆದರೂ ಉಟ್ಟವರು ಬೇರೆ!

ನಮ್ಮ ಬೆಟ್ಟದ ಹುಲಿ

ಈಗ ಮುಖ್ಯವಾದದ್ದು. ನೀಲಗಿರಿ ಟೈಗರ್ ಎಂಬ ಚಿಟ್ಟೆ ಇದೆ. ದಕ್ಷಿಣದ ಪಶ್ಚಿಮ ಘಟ್ಟದ ಬೆಟ್ಟಗಳನ್ನು ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಇದರ ಹಾಗೇ ಕಾಣುವ ಇನ್ನೊಂದು ಚಿಟ್ಟೆ ಗ್ಲಾಸಿ ಟೈಗರ್. ಅದು ದೂರದ ದೇಶಗಳಲ್ಲೂ ಇದೆ. ಎರಡಕ್ಕೂ ಕಪ್ಪು ರೆಕ್ಕೆ. ಅದರ ಮೇಲೆ ಗಾಜಿನಂಥ ತೆಳು ಬಣ್ಣದ ಪಟ್ಟೆಗಳು. ಗ್ಲಾಸಿ ಟೈಗರಿಗೆ ಪಟ್ಟೆ ಅಗಲ. ನೀಲಗಿರಿ ಟೈಗರಿಗೆ ಪಟ್ಟೆ ಸಣ್ಣ, ಕಪ್ಪು ಹೆಚ್ಚು.

ನೀಲಗಿರಿ ಟೈಗರಿಗೆ ಬೆಟ್ಟದ ಮೇಲಿನ ಶೋಲೆ ಕಾಡು ಬೇಕು. ಟೀ ತೋಟ, ನೀಲಗಿರಿ ಮರ, ವ್ಯಾಟಲ್ ಮರ ಬಂದು ಎಷ್ಟೋ ಶೋಲೆ ಹೋಯಿತು. ಉಳಿದ ಶೋಲೆಯಲ್ಲಿ ಈ ಚಿಟ್ಟೆ ಇದೆಯೋ ಇಲ್ಲವೋ ಅಂತ ತಿಳಿಯಬೇಕು. ಗ್ಲಾಸಿ ಟೈಗರನ್ನು ನೋಡಿ ನೀಲಗಿರಿ ಟೈಗರ್ ಅಂತ ಬರೆದರೆ ಏನಾಗುತ್ತದೆ? ಚಿಟ್ಟೆ ಹೋದ ಮೇಲೂ ಇದೆ ಅಂತ ಪುಸ್ತಕ ಹೇಳುತ್ತಿರುತ್ತದೆ. ಕಾಪಾಡುವವರು ಸುಮ್ಮನಿದ್ದುಬಿಡುತ್ತಾರೆ.

ಹ್ಯಾಂಪ್ಸನ್ ಎಂಬ ಇಂಗ್ಲೆಂಡಿನವರು 1888ರಲ್ಲೇ ನಮ್ಮ ಜಿಲ್ಲೆಯ ಚಿಟ್ಟೆಗಳ ಬಗ್ಗೆ ಬರೆದು ಅಚ್ಚು ಮಾಡಿಸಿದರು. ಸುಮಾರು ನೂರು ವರ್ಷದ ಮೇಲೆ, 1987ರಲ್ಲಿ, ಡೆನ್ಮಾರ್ಕ್ ದೇಶದ ಟಾರ್ಬೆನ್ ಲಾರ್ಸನ್ ಅವರ ಬರಹ ಬರತೊಡಗಿತು. ಅಂದು ಇದ್ದದ್ದು ಇಂದು ಇದೆಯೇ ಅಂತ ಹೋಲಿಸಿ ನೋಡಲು ಸಾಧ್ಯವಾದದ್ದು ಬರೆದಿಟ್ಟಿದ್ದರಿಂದಲೇ. ಅವರಿಬ್ಬರೂ ಹೊರಗಿನಿಂದ ಬಂದವರು. ನೀವು ಇಲ್ಲೇ ಇರುವವರು. ತೋಟಕ್ಕೆ, ಕಾಡಂಚಿಗೆ, ನೀರಿಗೆ ದಿನಾ ಹೋಗುವವರು. ಈಗ ನಿಮಗೂ ಬರೆಯಲು ಬರುತ್ತದೆ.

ನೋಡುವ ಕ್ರಮ

ಚಿಟ್ಟೆಯನ್ನು ಹಿಡಿಯಬೇಡಿ. ಕೈಗೆ ಹತ್ತುವ ಹುಡಿಯೇ ಅದರ ಬಣ್ಣ. ಉದುರಿದರೆ ಮತ್ತೆ ಬರುವುದಿಲ್ಲ. ನಿಮ್ಮ ನೆರಳು ಅದರ ಮೇಲೆ ಬೀಳದ ಹಾಗೆ ನಿಧಾನವಾಗಿ ಹತ್ತಿರ ಹೋಗಿ. ಮೊದಲು ಮುಂದಿನ ರೆಕ್ಕೆ, ಆಮೇಲೆ ಹಿಂದಿನ ರೆಕ್ಕೆ ನೋಡಿ. ರೆಕ್ಕೆ ಮಡಿಸಿದಾಗ ಕೆಳಮೈಯನ್ನೂ ನೋಡಿ. ಚುಕ್ಕೆ ಎಣಿಸಿ. ಮೈಬಣ್ಣ ನೋಡಿ. ಯಾವ ಗಿಡದ ಮೇಲಿದೆ ಅಂತ ನೋಡಿ. ತಾರೀಕು, ಜಾಗ, ಕಂಡದ್ದು, ಇಷ್ಟನ್ನು ನೋಟ್ ಬುಕ್ಕಿನಲ್ಲಿ ಬರೆಯಿರಿ.

ಹೆಸರು ಗೊತ್ತಾಗದಿದ್ದರೆ ಊಹೆ ಮಾಡಿ ಬರೆಯಬೇಡಿ. ‘ಹೆಸರು ಗೊತ್ತಿಲ್ಲ, ಹಿಂದಿನ ರೆಕ್ಕೆಯಲ್ಲಿ ಮೂರು ಚುಕ್ಕೆ’ ಅಂತ ಬರೆಯಿರಿ. ಅದು ಸರಿಯಾದ ಬರವಣಿಗೆ. ಮುಂದೆ ಬಲ್ಲವರು ಅದನ್ನು ಓದಿ ಹೆಸರು ಹೇಳುತ್ತಾರೆ.

ನಾಳೆ ಬೆಳಿಗ್ಗೆ ಬಿಸಿಲು ಬಂದ ಮೇಲೆ ಎಕ್ಕದ ಗಿಡದ ಹತ್ತಿರ ಐದು ನಿಮಿಷ ನಿಲ್ಲಿ. ಮಕ್ಕಳನ್ನೂ ಕರೆದುಕೊಳ್ಳಿ. ಎಷ್ಟು ಚುಕ್ಕೆ ಕಂಡಿರಿ ಅಂತ ಮುಂದಿನ ತರಗತಿಯಲ್ಲಿ ಬರೆದು ತನ್ನಿ.