ಮಂಗಾ ಕಥೆಗಳ ಕವಿಸಮಯ

(ಸಂಘದ ಕಿರಿಯ ಬರಹಗಾರರ ಕೂಟದಲ್ಲಿ ಮಾಡಿದ ಭಾಷಣ)



ನಾವು ಸಾಹಿತಿಗಳಲ್ಲ. ಹಗಲೆಲ್ಲ ಬ್ಯಾಂಕಿನ ಕೌಂಟರಿನಲ್ಲಿ ಕುಳಿತು ಮಂದಿಯ ಹಣ ಎಣಿಸುವ ಗುಮಾಸ್ತರು. ರಾಜ್ಯೋತ್ಸವ ಸಂಚಿಕೆಗೆ ಬಂದ ಕಥೆಗಳನ್ನು ಓದಿ ಆರಿಸುವ ಕೆಲಸ ಹೋದ ವರ್ಷ ನಮ್ಮ ಪಾಲಿಗೆ ಬಂದಿತು. ಆ ಕೆಲಸದಲ್ಲಿ ನಾವೊಂದು ತಪ್ಪು ಮಾಡಿದೆವು. ಅದನ್ನು ಹೇಳಿಕೊಳ್ಳುವುದಕ್ಕಾಗಿಯೇ ಈ ಹೊತ್ತು ನಿಮ್ಮೆದುರು ನಿಂತಿದ್ದೇವೆ.

ವಿಷಯ ಮಂಗಾ ಎಂದೊಡನೆ ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಕೋತಿಗೂ ಇದಕ್ಕೂ ನಂಟಿಲ್ಲ. ಜಪಾನಿನ ಚಿತ್ರಕಥಾ ಪುಸ್ತಕಗಳಿಗೆ ಆ ಹೆಸರು. ಅವೇ ಪರದೆಯ ಮೇಲೆ ಚಲಿಸಿದರೆ ಅನಿಮೆ. ನಮ್ಮ ಮನೆಗಳ ಮಕ್ಕಳು ಗುಜರಾತಿಯಲ್ಲಿ ಆಡುತ್ತಾರೆ, ಇಂಗ್ಲಿಷಿನಲ್ಲಿ ಓದುತ್ತಾರೆ, ಅನಿಮೆಯನ್ನು ಹಿಂದಿಯಲ್ಲಿ ನೋಡುತ್ತಾರೆ. ಕನ್ನಡದ ಪಾಲಿಗೆ ಉಳಿಯುವುದು ಊಟದ ಹೊತ್ತು ಮಾತ್ರ. ಇಂಥ ಮಕ್ಕಳಲ್ಲೊಬ್ಬಳು ಕುಳಿತು ಕನ್ನಡದಲ್ಲಿ ಎಂಟು ಪುಟದ ಕಥೆ ಬರೆದಳೆಂದರೆ ಅದು ಸಾಮಾನ್ಯ ಸಂಗತಿಯಲ್ಲ.

ಒಂಬತ್ತನೆಯ ತರಗತಿಯ ಹುಡುಗಿ. ಅವಳ ಕಥೆಯಲ್ಲಿ ವರ್ಷದ ನಡುವೆ ಹೊಸ ಶಾಲೆಗೆ ಬಂದ ನಾಯಕಿ ಬೋರ್ಡಿನ ಮುಂದೆ ನಿಂತು ತನ್ನ ಹೆಸರು ಹೇಳುತ್ತಾಳೆ. ಕಿಟಕಿಯ ಪಕ್ಕದ ಕಡೆಯ ಬೆಂಚಿನಲ್ಲಿ ಕೂರುತ್ತಾಳೆ. ಹೊರಗೆ ಸಾಕುರಾ ಹೂವಿನ ಎಸಳುಗಳು ಉದುರುತ್ತವೆ. ಮೊದಲು ಸಿಡುಕಿದ ಸಹಪಾಠಿ ಕಡೆಗೆ ಗೆಳತಿಯಾಗುತ್ತಾಳೆ. ಗಾಬರಿಯಾದಾಗಲೆಲ್ಲ ಹಣೆಯ ಮೇಲೆ ದೊಡ್ಡದೊಂದು ಬೆವರ ಹನಿ ಮೂಡುತ್ತದೆ. ಅನಿಮೆ ಬಲ್ಲವರಿಗೆ ಇವೆಲ್ಲ ನೂರು ಸಲ ಕಂಡ ಅಚ್ಚುಗಳು. ನಾವು ಕೆಂಪು ಶಾಯಿಯಲ್ಲಿ "ಇದು ಕನ್ನಡದ ಕಥೆಯಲ್ಲ" ಎಂದು ಬರೆದು ಹಿಂದಿರುಗಿಸಿದೆವು. ಚೆಕ್ಕನ್ನು ಹಿಂದಿರುಗಿಸುವಾಗಲಾದರೂ ಕಾರಣ ತಿಳಿಸುವುದುಂಟು!

ಆಮೇಲೆ ನಮಗೇ ಸಂಶಯ ಹುಟ್ಟಿತು. ಅಚ್ಚುಗಳೇ ತಪ್ಪಾಗಿದ್ದರೆ ನಮ್ಮ ಹಳೆಯ ಕವಿಗಳ ಗತಿಯೇನು? ಚಕೋರ ಬೆಳದಿಂಗಳನ್ನು ಕುಡಿಯುತ್ತದೆ. ಹಂಸ ಹಾಲನ್ನೂ ನೀರನ್ನೂ ಬೇರ್ಪಡಿಸುತ್ತದೆ. ತರುಣಿಯ ಪಾದ ತಾಕಿದರೆ ಅಶೋಕ ಹೂಬಿಡುತ್ತದೆ. ಕೀರ್ತಿಗೆ ಬಣ್ಣ ಬಿಳಿ. ಇವನ್ನು ಯಾವ ಕವಿಯೂ ಕಣ್ಣಾರೆ ಕಂಡವನಲ್ಲ. ಕವಿಗೂ ಓದುಗನಿಗೂ ನಡುವೆ ಆದ ಒಪ್ಪಂದ ಅದು. ಅದಕ್ಕೆ ಕವಿಸಮಯವೆಂದು ಹೆಸರು. ಎರಡನೆಯ ನಾಗವರ್ಮನು ಕಾವ್ಯಾವಲೋಕನದ ಕಡೆಯ ಅಧಿಕರಣವನ್ನು ಇದಕ್ಕೇ ಮೀಸಲಿಟ್ಟಿದ್ದಾನೆ. ನಾವು ಅನ್ನ ತಿನ್ನುತ್ತಿರುವ ಈ ಗುಜರಾತಿನ ನೆಲದಲ್ಲಿಯೂ ಅದರ ಚರ್ಚೆ ಕಡಮೆಯಾಗಿಲ್ಲ. 12ನೆಯ ಶತಮಾನದ ಹೇಮಚಂದ್ರಾಚಾರ್ಯನ ಕಾವ್ಯಾನುಶಾಸನದಲ್ಲಿ ಕವಿಸಮಯದ ಮಾತುಂಟು. 13ನೆಯ ಶತಮಾನದ ಅಮರಚಂದ್ರನ ಕಾವ್ಯಕಲ್ಪಲತೆಯಂತೂ ಹೊಸ ಕವಿಗಳಿಗಾಗಿಯೇ ಬರೆದ ಕೈಪಿಡಿ: ಛಂದಸ್ಸು ತುಂಬಲು ಯಾವ ಪದ, ರಾಜನನ್ನು ವರ್ಣಿಸುವಾಗ ಏನೇನು ಹೇಳಬೇಕು, ಎಲ್ಲವೂ ಸಿದ್ಧವಾಗಿ ಅಲ್ಲಿವೆ. ಮಂಗಾ ಓದುವ ಹುಡುಗರು ಇಂದು ಪಟ್ಟಿ ಮಾಡಿಕೊಳ್ಳುವುದೂ ಇದನ್ನೇ ಅಲ್ಲವೆ? ಇನ್ನು ಯಕ್ಷಗಾನ. ಅಲ್ಲಿ ಒಡ್ಡೋಲಗ, ಬಣ್ಣದ ವೇಷ, ಹಾಸ್ಯಗಾರ, ಎಲ್ಲವೂ ಗೊತ್ತಾದವೇ. ಗೊತ್ತಿದ್ದೂ ಜನ ಬೆಳತನಕ ಕೂರುವುದು, ಇಂದಿನ ರಾತ್ರಿ ಈ ಅರ್ಥಧಾರಿ ಏನು ಮಾತಾಡುತ್ತಾನೆಂಬ ಕುತೂಹಲದಿಂದ.

ಜಪಾನಿನ ಅಚ್ಚುಗಳೂ ಗಾಳಿಯಲ್ಲಿ ಹುಟ್ಟಿದವಲ್ಲ. ಒಸಾಮು ತೆಜುಕಾ ಎಂಬ ಚಿತ್ರಕಾರ 1963ರ ಜನವರಿ 1ರಂದು ಆಸ್ಟ್ರೋ ಬಾಯ್ ಎಂಬ ಚಿತ್ರಮಾಲೆಯನ್ನು ಜಪಾನಿನ ಟೆಲಿವಿಷನ್ನಿಗೆ ತಂದ. ವಾರಕ್ಕೊಂದು ಕಂತು, ಕೈಯಲ್ಲಿ ಹಣ ಸ್ವಲ್ಪ. ಸೆಕೆಂಡಿಗೆ 24 ಚೌಕಟ್ಟು ಓಡಬೇಕಾದಲ್ಲಿ ಒಂದೊಂದು ಚಿತ್ರವನ್ನೂ ಮೂರು ಚೌಕಟ್ಟಿನವರೆಗೆ ಹಿಡಿದು, ಎಂಟೇ ಚಿತ್ರಗಳಲ್ಲಿ ಕೆಲಸ ಸಾಗಿಸಿದರು. ಒಮ್ಮೆ ಬರೆದ ಚಿತ್ರವನ್ನು ಎಸೆಯದೆ ಕೂಡಿಟ್ಟು, ಬೇಕಾದಾಗ ತೆಗೆದು ಮತ್ತೆ ಬಳಸಿದರು. ಆ ಪದ್ಧತಿಗೆ ಅವರು ಇಟ್ಟ ಹೆಸರು "ಬ್ಯಾಂಕ್"! ಇದನ್ನು ಓದಿದ ದಿನ ನಮಗಾದ ಸಂತೋಷವನ್ನು ನೀವು ಮನ್ನಿಸಬೇಕು. 1992ರಲ್ಲಿ ಪರದೆಗೆ ಬಂದ ಸೇಲರ್ ಮೂನ್ ಮಾಲೆಯಲ್ಲಿ ಹುಡುಗಿ ವೀರಾಂಗನೆಯಾಗಿ ಮಾರ್ಪಡುವ ದೃಶ್ಯ ಕಂತು ಕಂತಿಗೂ ಮರಳಿ ಬರುತ್ತದೆ. ನೋಡುವವರಿಗೆ ಅದು ಪೂಜೆಯ ಮಂಗಳಾರತಿಯಂತೆ. ಮಿತವ್ಯಯದಲ್ಲಿ ಹುಟ್ಟಿದ್ದು ಸೊಗಸಾಗಿ ನಿಂತಿತು.

ಹೋರಾಟದ ಕಥೆಗಳಲ್ಲಿ ಮುಗಿಯದ ಪಂದ್ಯಾವಳಿ, ಸೋತವನು ಗುರುವಿನ ಬಳಿ ಕಲಿತು ಮತ್ತೆ ಬರುವುದು, ಶತ್ರು ಮಿತ್ರನಾಗುವುದು ಇವೆಲ್ಲಕ್ಕೂ ಕಾರಣ ವಾರಪತ್ರಿಕೆ. 1968ರಲ್ಲಿ ಆರಂಭವಾದ ಶೋನೆನ್ ಜಂಪ್ ಪತ್ರಿಕೆಯೊಳಗೆ ಓದುಗರಿಗಾಗಿ ಒಂದು ಕಾರ್ಡು ಇರುತ್ತಿತ್ತು. ಯಾವ ಕಥೆ ಮೆಚ್ಚಿದಿರೆಂದು ಅದರಲ್ಲಿ ಬರೆದು ಕಳಿಸಬೇಕು. ಮೆಚ್ಚುಗೆ ಇಳಿದರೆ ಕಥೆ ನಿಂತಂತೆಯೆ. ಹೀಗಿರುವಾಗ ವಾರ ವಾರವೂ ಕತ್ತಿಯ ಅಲುಗಿನ ಮೇಲೆ ಕಥೆ ನಿಲ್ಲಿಸದೆ ಆತ ಏನು ಮಾಡಿಯಾನು? ನಮ್ಮ ವಾರಪತ್ರಿಕೆಗಳ ಧಾರಾವಾಹಿ ಓದಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸಾಕುರಾದ ಮಾತೂ ಹಾಗೆಯೇ. ಜಪಾನಿನಲ್ಲಿ ಶಾಲೆ ತೆರೆಯುವುದು ಏಪ್ರಿಲಿನಲ್ಲಿ. ಆ ಹೂವು ಅರಳಿ ಉದುರುವುದೂ ಹೆಚ್ಚುಕಡಮೆ ಆಗಲೇ. ಅಲ್ಲಿನ ಮಕ್ಕಳಿಗೆ ಆ ಎಸಳೆಂದರೆ ಹೊಸ ತರಗತಿ, ಹೊಸ ಮುಖ, ಅಗಲಿದ ಗೆಳೆಯರು. ನವರಂಗಪುರದಲ್ಲಿ ಅದನ್ನು ಉದುರಿಸಿದರೆ ಬರೀ ಹೂವು ಉದುರುತ್ತದೆ. ಈ ಮಾತನ್ನು ಹುಡುಗಿಗೆ ಹೇಳಿ ಬರಬೇಕೆಂದು, ಈ ವರ್ಷ ಅವಳು ಕಥೆಯನ್ನೇ ಕೊಡಲಿಲ್ಲವೆಂದು ತಿಳಿದ ಮೇಲೆ, ಅವರ ಮನೆಗೆ ಹೋದೆವು.

ಅಲ್ಲಿ ಗೊತ್ತಾದದ್ದಿಷ್ಟು. ತಂದೆಗೆ ವರ್ಗವಾಗಿ ಅವರು ಧಾರವಾಡದಿಂದ ಬಂದದ್ದು ಒಂದು ಜನವರಿಯಲ್ಲಿ, ಉತ್ತರಾಯಣ ಕಳೆದ ವಾರ. ಬೋರ್ಡಿನ ಮುಂದೆ ನಿಂತವಳು ಅವಳೇ. ಟೀಚರು ಗುಜರಾತಿಯಲ್ಲಿ ಹೆಸರು ಕೇಳಿದರು. ಊರು ಕೇಳಿದರೆಂದು ತಿಳಿದು ಇವಳು "ಧಾರವಾಡ" ಎಂದಳು. ತರಗತಿಯೆಲ್ಲ ನಕ್ಕಿತು. ವರ್ಷ ಮುಗಿಯುವವರೆಗೂ ಅವಳ ಹೆಸರು ಧಾರವಾಡವೇ. ಕಿಟಕಿಯ ಪಕ್ಕದ ಬೆಂಚು ಸಿಕ್ಕಿದ್ದು ಬೇರೆಲ್ಲೂ ಜಾಗವಿಲ್ಲದ್ದರಿಂದ. ಸಿಡುಕಿದ ಸಹಪಾಠಿಯೂ ನಿಜ. ಆ ಬೆಂಚಿನಲ್ಲಿ ಅದುವರೆಗೆ ಕೂತಿದ್ದ ಅವಳ ಗೆಳತಿ ಶಾಲೆ ಬಿಟ್ಟು ಹೋಗಿದ್ದಳು, ಆ ಜಾಗಕ್ಕೆ ಇವಳು ಬಂದಳೆಂದು ಸಿಟ್ಟು. ನಾವು ಅಚ್ಚೆಂದು ತಳ್ಳಿಹಾಕಿದ್ದು ಆ ಮಗುವಿನ ಬಾಳು.

"ಇದನ್ನೆಲ್ಲ ಯಾಕೆ ಬರೆಯಲಿಲ್ಲ ತಾಯಿ?" ಎಂದೆವು.

"ಖರೇ ಆದದ್ದು ಬರದ್ರ ಕಥಿ ಅನಸೂದಿಲ್ರೀ ಕಾಕಾ" ಎಂದಳು.

ಕಿರಿಯ ಮಿತ್ರರೆ, ನಾವು ಹೇಳಬೇಕಾದದ್ದು ಇಲ್ಲಿದೆ. ಅಚ್ಚನ್ನು ಧಾರಾಳವಾಗಿ ತೆಗೆದುಕೊಳ್ಳಿ, ಆದರೆ ಅದರೊಳಗೆ ಹಾಕುವ ಕಾರಣ ನಿಮ್ಮದಾಗಿರಲಿ. ಹೊರಗೆ ಮುನಿಸು ಒಳಗೆ ಒಲವು ಇರುವ ಹುಡುಗಿಗೆ ಜಪಾನಿನವರು ತ್ಸುಂದೆರೆ ಎನ್ನುತ್ತಾರೆ. ನಮ್ಮ ಸತ್ಯಭಾಮೆಯೂ ಆ ಜಾತಿಯವಳೆ. ಆದರೆ ಪಾರಿಜಾತದ ಹೂವು ರುಕ್ಮಿಣಿಯ ಮುಡಿಗೆ ಹೋಯಿತೆಂಬ ಕಾರಣ ಅವಳ ಮುನಿಸಿಗೆ ಉಂಟು. ಆ ಹೂವನ್ನು ತೆಗೆದುಬಿಟ್ಟರೆ ಉಳಿಯುವುದು ಬರೀ ಕೆಟ್ಟ ಸ್ವಭಾವ. ಲಾರಿ ಬಡಿದು ಸತ್ತು ಬೇರೆ ಲೋಕದಲ್ಲಿ ಕಣ್ತೆರೆಯುವ ನಾಯಕನ ಕಥೆಗಳು ಈಗ ವಿಪರೀತವಾಗಿವೆ. ನಮ್ಮ ಸಂಘದ ಅರ್ಧ ಸಂಸಾರಗಳಿಗೆ ಲಾರಿಯೇ ಬೇಕಿಲ್ಲ, ವರ್ಗಾವಣೆಯ ಆಜ್ಞೆಯೊಂದು ಸಾಕು. ಹೊಸ ಲೋಕ, ಹೊಸ ಭಾಷೆ, ದಾಲ್‌ನಲ್ಲಿ ಬೆಲ್ಲ! ಹೆಸರಿನ ಹಿಂದೆ ಸಾನ್, ಸೆನ್‌ಪಾಯ್ ಎಂದು ಅಂಟಿಸುವುದೇಕೆ, ನಮ್ಮ ಸುತ್ತ ಎಲ್ಲರೂ ಭಾಯಿ ಬೇನ್‌ಗಳೇ ಆಗಿರುವಾಗ? ಕೌಂಟರಿನಲ್ಲಿ ನಮ್ಮೊಡನೆ ಜಗಳಕ್ಕೆ ನಿಂತವರೂ ಭಾಯಿ ಎಂದೇ ಜಗಳವಾಡುತ್ತಾರೆ. ಅನಿಮೆಯ ಹುಡುಗರು ಮನಸ್ಸಿನ ಮಾತಾಡಲು ಶಾಲೆಯ ಮಾಳಿಗೆ ಹತ್ತುತ್ತಾರೆ. ನಮಗೆ ಉತ್ತರಾಯಣದ ಧಾಬು ಇದೆ. ಒಬ್ಬ ಗಾಳಿಪಟ ಹಾರಿಸುವಾಗ ಮತ್ತೊಬ್ಬ ಫಿರಕಿ ಹಿಡಿದು ಬೆನ್ನ ಹಿಂದೆ ನಿಲ್ಲಬೇಕು. ಮುಖ ನೋಡದೆ ಹೇಳಬೇಕಾದ ಮಾತಿಗೆ ಅದಕ್ಕಿಂತ ತಕ್ಕ ಜಾಗ ಯಾವುದು?

ಹಿರಿಯರಲ್ಲಿ ಒಂದೇ ಬಿನ್ನಹ. ಕಾಗುಣಿತದ ತಪ್ಪನ್ನು ನಾವು ತಿದ್ದಬಹುದು. ಬರೆಯುವುದನ್ನೇ ನಿಲ್ಲಿಸಿದ ಮಗುವನ್ನು ಏನೆಂದು ತಿದ್ದುವುದು?

ನಾವು ಕ್ಷಮೆ ಕೇಳಿದೆವು. ಅವಳು ಎರಡು ವಾರ ತೆಗೆದುಕೊಂಡು ಕಥೆಯನ್ನು ಮತ್ತೆ ಬರೆದಳು. ಅದು ಈ ವರ್ಷದ ಸಂಚಿಕೆಯಲ್ಲಿ ಬರಲಿದೆ. "ಧಾರವಾಡ" ಎಂಬುದೇ ಈಗ ಅದರ ಹೆಸರು. ಸಾಕುರಾ ಹೋಗಿ, ಕಿಟಕಿಯ ಹೊರಗಿನ ಬೇವಿನ ಮರದಲ್ಲಿ ಹಬ್ಬ ಕಳೆದರೂ ಇಳಿಯದ ಹರಕು ಗಾಳಿಪಟಗಳು ಬಂದಿವೆ. ಹಣೆಯ ಬೆವರ ಹನಿಯನ್ನು ಮಾತ್ರ ತೆಗೆಯಲು ಒಪ್ಪಲಿಲ್ಲ. ಜನವರಿಯ ಚಳಿಯಲ್ಲಿ ಬೆವರೆಲ್ಲಿಂದ ಬಂತಮ್ಮ ಎಂದು ಕೇಳಿದೆವು.

"ಒಮ್ಮೆ ಬೋರ್ಡಿನ ಮುಂದ ನಿಂತು ನೋಡ್ರಿ ಕಾಕಾ" ಎಂದಳು.