ಆಡುವವನ ಕೂಲಿಯನ್ನು ಕೊಡುವವರು ಯಾರು?

(ಜ್ಞಾನಭಾರತಿಯಲ್ಲಿ ರಗ್ಬಿ ಆಡುವ ತರುಣರ ಮುಂದೆ ಮಾಡಿದ ಭಾಷಣ)



ರಗ್ಬಿ ಆಟದ ಬಗ್ಗೆ ನಾಲ್ಕು ಮಾತು ಆಡಬೇಕೆಂದು ನನ್ನನ್ನು ಕರೆದಿದ್ದೀರಿ. ನಾನು ಆ ಆಟ ಆಡಿದವನಲ್ಲ. ಕಬಡ್ಡಿ ಆಡಿ ಮಂಡಿ ತರಚಿಕೊಂಡವನು. ಆಮೇಲೆ ಹಲವು ವರ್ಷ ಬಡಾವಣೆಯ ತಂಡಗಳಿಗೆ ಹುಡುಗರನ್ನು ಆರಿಸುವ ಸಮಿತಿಗಳಲ್ಲಿ ಕುಳಿತವನು. ಆದುದರಿಂದ ಚೆಂಡನ್ನು ಹೇಗೆ ಹಿಡಿಯಬೇಕೆಂದು ನಿಮಗೆ ಹೇಳಿಕೊಡುವ ಧೈರ್ಯ ಮಾಡುವುದಿಲ್ಲ. ಹದಿನೈದು ಜನರನ್ನು ಯಾರು ಆರಿಸುತ್ತಾರೆ, ಹೇಗೆ ಆರಿಸುತ್ತಾರೆ, ಬಿಟ್ಟುಹೋದವರ ಗತಿಯೇನು ಎಂಬುದಷ್ಟೇ ನನ್ನ ವಿಷಯ.

ಇದೇ ಜ್ಞಾನಭಾರತಿಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದ ದಕ್ಷಿಣ ಕೇಂದ್ರವಿದೆ. ದೇಶದ ಹಾಕಿ ತಂಡಗಳು ತಿಂಗಳುಗಟ್ಟಲೆ ಇಲ್ಲಿ ಶಿಬಿರ ನಡೆಸಿವೆ. 2020ರ ಕೊರೋನಾ ಕಾಲದಲ್ಲಿಯೂ ಇಲ್ಲಿಯೇ ಉಳಿದಿದ್ದ ಗಂಡಸರ ತಂಡ 2021ರಲ್ಲಿ ಟೋಕಿಯೋದಿಂದ ಕಂಚಿನ ಪದಕ ತಂದಿತು. 41 ವರ್ಷಗಳ ಮೇಲೆ ಹಾಕಿಯಲ್ಲಿ ಬಂದ ಒಲಿಂಪಿಕ್ ಪದಕ ಅದು. ಅಲ್ಲಿನ ಆಟಗಾರನಿಗೆ ಊಟವಿದೆ, ಹಾಸಿಗೆಯಿದೆ, ವೈದ್ಯರಿದ್ದಾರೆ. ಆಟವೇ ಅವನ ದಿನದ ಕೆಲಸ. ನೀವೋ ಪಾಳಿ ಮುಗಿಸಿ, ಅಂಗಡಿಯ ಬಾಗಿಲು ಎಳೆದು ಬರುವವರು. ಅವನ ಲೆಕ್ಕ ಬೇರೆ, ನಿಮ್ಮ ಲೆಕ್ಕ ಬೇರೆ. ಅಲ್ಲಿನ ಪದ್ಧತಿಯನ್ನು ಹಾಗೆಯೇ ತಂದು ನಿಮ್ಮ ಮೇಲೆ ಹೇರಿದರೆ ಮೊದಲು ತಂಡ ಬಿಡುವವನು ಬಡವ.

ಇದು ಹೊಸ ತಕರಾರು ಎಂದು ತಿಳಿಯಬೇಡಿ. ರಗ್ಬಿಯ ಇತಿಹಾಸವೇ ಈ ತಕರಾರಿನಿಂದ ಎರಡು ಹೋಳಾಗಿದೆ. ಇಂಗ್ಲೆಂಡಿನಲ್ಲಿ ಇದು ಶ್ರೀಮಂತರ ಮಕ್ಕಳ ಶಾಲೆಗಳಲ್ಲಿ ಬೆಳೆದ ಆಟ. ಆದರೆ ಯಾರ್ಕ್‌ಷೈರ್, ಲ್ಯಾಂಕಾಷೈರ್ ಕಡೆಯ ಬಟ್ಟೆ ಗಿರಣಿಗಳ ಕೆಲಸಗಾರರು, ಕಲ್ಲಿದ್ದಲ ಗಣಿಯವರು ಇದನ್ನು ತಮ್ಮದಾಗಿ ಮಾಡಿಕೊಂಡರು. ಶನಿವಾರ ಮಧ್ಯಾಹ್ನ ಗಿರಣಿ ಬಿಟ್ಟರೆ ನೇರವಾಗಿ ಮೈದಾನಕ್ಕೆ. ದೂರದ ಊರಿನಲ್ಲಿ ಪಂದ್ಯವಿದ್ದರೆ ಬೆಳಗಿನ ಕೆಲಸ ಬಿಡಬೇಕು. ಬಿಟ್ಟರೆ ಕೂಲಿ ಇಲ್ಲ. ಆ ಕಳೆದ ಕೂಲಿಯನ್ನು ಕ್ಲಬ್ಬು ತುಂಬಿಕೊಡಲಿ ಎಂದು 1893ರಲ್ಲಿ ಯಾರ್ಕ್‌ಷೈರಿನವರು ಆಟದ ಮಂಡಳಿಯ ಮುಂದೆ ನಿರ್ಣಯ ಇಟ್ಟರು. ಪರವಾಗಿ 136, ವಿರುದ್ಧವಾಗಿ 282 ಮತ ಬಿದ್ದು ಅದು ಸೋತಿತು. ಆಟಕ್ಕೆ ಕಾಸು ಮುಟ್ಟಿದರೆ ಆಟ ಮೈಲಿಗೆಯಾಗುತ್ತದೆ ಎಂಬುದು ದೊಡ್ಡವರ ವಾದ. ಹೊಟ್ಟೆ ತುಂಬಿದವರಿಗೆ ಮಡಿ ಸುಲಭ!

ಎರಡು ವರ್ಷ ಕಳೆಯಿತು. 1895ರ ಆಗಸ್ಟ್ 29ರಂದು ಉತ್ತರದ ಕ್ಲಬ್ಬುಗಳು ಹಡರ್ಸ್‌ಫೀಲ್ಡ್ ಊರಿನ ಜಾರ್ಜ್ ಹೋಟೆಲಿನಲ್ಲಿ ಸೇರಿ ತಮ್ಮದೇ ಒಕ್ಕೂಟ ಕಟ್ಟಿದವು. ಕೆಲಸ ಬಿಟ್ಟ ದಿನಕ್ಕೆ ಆರು ಷಿಲಿಂಗ್ ಎಂದು ಗೊತ್ತುಮಾಡಿದವು. ಅದೇ ಮುಂದೆ ಹದಿಮೂರು ಜನರ ರಗ್ಬಿ ಲೀಗ್ ಆಯಿತು. ಹದಿನೈದು ಜನರ ಆಟದವರು ಮಡಿಯನ್ನು ಬಿಟ್ಟು, ಆಟಗಾರನಿಗೆ ಹಣ ಕೊಡಬಹುದೆಂದು ಒಪ್ಪಿದ್ದು 1995ರಲ್ಲಿ. ನೂರು ವರ್ಷ ಬೇಕಾಯಿತು.

ನಮ್ಮ ದೇಶದ್ದೇ ಇನ್ನೊಂದು ಕಥೆಯಿದೆ. ಕಲ್ಕತ್ತೆಯಲ್ಲಿ 1870ರ ದಶಕದಲ್ಲಿ ಬಿಳಿಯರ ಒಂದು ರಗ್ಬಿ ಕ್ಲಬ್ಬಿತ್ತು. ಜನ ಚದುರಿದರು, ಬ್ಯಾಂಕಿನಲ್ಲಿ ಹಣ ಉಳಿಯಿತು. ಆ ಬೆಳ್ಳಿ ರೂಪಾಯಿಗಳನ್ನು ಕರಗಿಸಿ ಬಟ್ಟಲು ಮಾಡಿಸಿ ಇಂಗ್ಲೆಂಡಿಗೆ ಕಳಿಸಿದರು. ಇಂಗ್ಲೆಂಡೂ ಸ್ಕಾಟ್ಲೆಂಡೂ ಇಂದಿಗೂ ಆ ಕಲ್ಕತ್ತಾ ಕಪ್ಪಿಗಾಗಿ ಆಡುತ್ತವೆ. ಹಣ ಗಟ್ಟಿಯಾಗಿತ್ತು, ಆಡುವವರಿರಲಿಲ್ಲ. ನಿಮ್ಮಲ್ಲಿ ಆಡುವವರಿದ್ದಾರೆ, ಹಣವಿಲ್ಲ. ನನಗೆ ಇದೇ ಮೇಲಾಗಿ ಕಾಣುತ್ತದೆ.

ನಾನು ಬಲ್ಲ ಹುಡುಗನೊಬ್ಬ ಮೈಸೂರು ರಸ್ತೆಯ ಬದಿಯಲ್ಲಿ ಸಾಮಾನು ಇಳಿಸುವ ಕೆಲಸ ಮಾಡುತ್ತಿದ್ದ. ಎದೆ ಅಗಲ, ಕಾಲು ಗಟ್ಟಿ, ಕಬಡ್ಡಿಯ ಹಿಡಿತ. ಆಯ್ಕೆಯ ಪಂದ್ಯವನ್ನು ವಾರದ ನಡುವೆ, ಬೆಳಿಗ್ಗೆ ಹತ್ತು ಗಂಟೆಗೆ ಇಟ್ಟಿದ್ದರು. ಬರಬೇಕಾದರೆ ಒಂದು ದಿನದ ಕೂಲಿ ಹೋಗಬೇಕು, ತಿಂಗಳ ಕೊನೆ ಬೇರೆ. ಬರಲಿಲ್ಲ. ಸಮಿತಿಯಲ್ಲಿ ನಾನೂ ಇದ್ದೆ. ‘ಶಿಸ್ತಿಲ್ಲದ ಹುಡುಗ’ ಎಂದು ಬರೆದು ಹೆಸರು ಹೊಡೆದೆವು. ಅವನಿಗೆ ರಜೆಯ ದಿನ ಯಾವುದೆಂದು ನಾವು ಯಾರೂ ಕೇಳಿರಲಿಲ್ಲ. ಆ ಗೆರೆ ಎಳೆದ ಪೆನ್ನು ನನ್ನದೇ. ಅವನು ಮತ್ತೆ ಮೈದಾನದ ಕಡೆ ಬರಲಿಲ್ಲ.

ಈಗ ಆರಿಸುವ ಬಗೆಗೆ ಬರೋಣ. ಈ ಆಟದ ದೊಡ್ಡ ಗುಣವೆಂದರೆ ಎಲ್ಲ ಮೈಕಟ್ಟಿಗೂ ಇದರಲ್ಲಿ ಜಾಗವಿದೆ. ಮುಂದಿನ ಎಂಟು ಜನ ಹೆಗಲಿಗೆ ಹೆಗಲು ಕೊಟ್ಟು ಸ್ಕ್ರಮ್ ನೂಕುತ್ತಾರೆ. ಅಲ್ಲಿ ಭಾರದ ಮೈ ಬೇಕು. ಅವರ ಕಾಲಡಿಯಿಂದ ಚೆಂಡನ್ನು ಎತ್ತಿ ಸರಕ್ಕನೆ ಕೊಡುವ ಸ್ಕ್ರಮ್ ಹಾಫ್ ಗಿಡ್ಡನಾದರೂ ಸರಿ. ಅಂಚಿನಲ್ಲಿ ಓಡುವವನಿಗೆ ವೇಗ ಬೇಕು. ಹೀಗಿರುವಾಗ ಹದಿನಾಲ್ಕು ವರ್ಷದ ಹುಡುಗರನ್ನು ಸಾಲಾಗಿ ನಿಲ್ಲಿಸಿ ಎತ್ತರದವರನ್ನು ಆರಿಸಿಕೊಳ್ಳುವುದು ದನದ ಜಾತ್ರೆಯ ರೀತಿ. ಜನವರಿಯಲ್ಲಿ ಹುಟ್ಟಿದವನೂ ಡಿಸೆಂಬರಿನಲ್ಲಿ ಹುಟ್ಟಿದವನೂ ಒಂದೇ ವಯಸ್ಸಿನ ಗುಂಪಿನಲ್ಲಿ ನಿಲ್ಲುತ್ತಾರೆ; ನಡುವೆ ಹನ್ನೊಂದು ತಿಂಗಳ ಬೆಳವಣಿಗೆ ಇದೆ. ಬೇಗ ಬೆಳೆದವನನ್ನು ಜಾಣನೆಂದು ತಿಳಿಯುವ ತಪ್ಪು ಎಲ್ಲ ಆಟಗಳಲ್ಲೂ ನಡೆದಿದೆ. ಬಿಟ್ಟುಹೋದವನು ಎರಡು ವರ್ಷದಲ್ಲಿ ಇವನನ್ನು ಮೀರಿಸಬಹುದು, ಅಷ್ಟರವರೆಗೆ ಅವನಿಗೆ ಆಡಲು ಒಂದು ಎರಡನೆಯ ತಂಡ ಇದ್ದರೆ. ಆದಕಾರಣ ಎರಡನೆಯ ತಂಡವನ್ನು ಕಸದ ಬುಟ್ಟಿ ಮಾಡಬೇಡಿ. ಒಳ್ಳೆಯ ತರಬೇತಿದಾರನನ್ನು ಅದಕ್ಕೇ ಕೊಡಿ.

ಸಮಿತಿಯಲ್ಲಿ ಬೂಟು ಕೊಡಿಸಿದ ದಾನಿ ಕುಳಿತರೆ ಅವರ ಮನೆಯ ಹುಡುಗ ತಂಡದಲ್ಲಿ ಕುಳಿತಂತೆಯೇ. ದಾನಿಗೆ ಹಾರ ಹಾಕಿ, ಪೆನ್ನು ಕೊಡಬೇಡಿ. ಬಿಟ್ಟವನನ್ನು ಕರೆದು ಏಕೆ ಬಿಟ್ಟೆವು, ಏನು ಕಲಿತರೆ ಸೇರಿಸಿಕೊಳ್ಳುತ್ತೇವೆ ಎಂದು ಬಾಯಿಬಿಟ್ಟು ಹೇಳಿ. ಪೆಟ್ಟಿನ ವಿಷಯದಲ್ಲಿ ಮಾತ್ರ ಯಾರ ಮುಖವನ್ನೂ ನೋಡಬೇಡಿ: ತಲೆಗೆ ಏಟು ಬಿದ್ದು ಮಂಕಾದಂತೆ ಕಂಡರೆ ಅವನು ಹೊರಗೆ ಬರಬೇಕು, ಆ ದಿನ ಮತ್ತೆ ಆಡಕೂಡದು. ಫೈನಲ್ ಆದರೂ ಅಷ್ಟೆ. ಮಾರನೆಯ ದಿನ ಯಂತ್ರದ ಮುಂದೆ ನಿಲ್ಲಬೇಕಾದವನ ತಲೆ ಅದು.

2025ರ ಜೂನ್‌ನಲ್ಲಿ ಮುಂಬಯಿಯಲ್ಲಿ ಆರು ತಂಡಗಳ ರಗ್ಬಿ ಲೀಗ್ ನಡೆಯಿತು. ಅದರಲ್ಲಿ ಬೆಂಗಳೂರಿನ ಹೆಸರು ಹೊತ್ತ ತಂಡವೂ ಇತ್ತು. ಸಂತೋಷ. ಹೊರದೇಶದ ನುರಿತವರನ್ನು ನೋಡಿ ಕಲಿಯುವುದೂ ಒಳ್ಳೆಯದೇ. ಆದರೆ ಊರಿನ ಹೆಸರು ಹೊತ್ತ ಮಾತ್ರಕ್ಕೆ ಊರಿನ ಹುಡುಗ ಬೆಳೆಯುವುದಿಲ್ಲ. ಅದೇ ವರ್ಷದ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ಗೆದ್ದ ನಮ್ಮ ಹೆಂಗಸರ ತಂಡದಲ್ಲಿ ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರು. ಆ ಹುಡುಗಿಗೆ ಆಟ ಹಿಡಿದದ್ದು ಹಳ್ಳಿಯ ಅಂಗಳದಲ್ಲಿ.

ಕೊನೆಯದಾಗಿ ಹಣದ ಮಾತು. ಕಳೆದ ಕೂಲಿಗೆ ಒಂದು ನಿಧಿ ಮಾಡಿ. ಬಟವಾಡೆಯ ದಿನ ಪ್ರತಿಯೊಬ್ಬರೂ ಕೈಲಾದಷ್ಟು ಹಾಕಲಿ. ಲೆಕ್ಕದ ಪುಸ್ತಕ ಎಲ್ಲರಿಗೂ ಕಾಣುವಂತಿರಲಿ. ಅಂಗಡಿಯವರು ಇಲ್ಲಿ ಕೆಲವರು ಕುಳಿತಿದ್ದೀರಿ. ನಿಮ್ಮಿಂದ ಕಪ್ಪು, ಬ್ಯಾನರು ಬೇಡ. ಆಯ್ಕೆಯ ದಿನ ನಿಮ್ಮ ಹುಡುಗನಿಗೆ ಅರ್ಧ ದಿನ ಬಿಡುವು ಕೊಟ್ಟು ಪೂರಾ ಕೂಲಿ ಕೊಡಿ, ಅಷ್ಟು ಸಾಕು. ಆಯ್ಕೆಯನ್ನು ಒಂದೇ ದಿನ ಮುಗಿಸದೆ ಎರಡು ಭಾನುವಾರ ಇಡಿ. ರಾತ್ರಿ ಪಾಳಿಯವರಿಗೆ ಮಧ್ಯಾಹ್ನದ ಮೇಲೆ ಇನ್ನೊಂದು ಸರದಿ ಇರಲಿ. ಈ ಸಲದ ಪಟ್ಟಿಯನ್ನು ಇನ್ನೂ ಮುಗಿಸಿಲ್ಲವೆಂದು ನಿಮ್ಮ ಕಾರ್ಯದರ್ಶಿ ಹೇಳಿದರು. ಹಾಗಾದರೆ ಇವತ್ತೇ, ನಾವು ಏಳುವ ಮೊದಲು, ಪ್ರತಿಯೊಬ್ಬನ ಹೆಸರಿನ ಮುಂದೆ ಅವನ ವಾರದ ರಜೆ ಯಾವುದೆಂದು ಕೇಳಿ ಬರೆದುಕೊಳ್ಳಿ.